ಗೂನಿಯ ಬಲರೆಕ್ಕೆ

ಸೂಜಿಯಮ್ಮನ ಮನೆಯಲ್ಲಿ ಸೂಜಿಯೇ ಇಲ್ಲ ಎಂದರೆ ಹೊಸಬರು ನಗುತ್ತಾರೆ. ನಿಜವಾಗಿಯೂ ಇಲ್ಲ ಸ್ವಾಮಿ! ಗಂಡನ ಅಂಗಿಯ ಗುಂಡಿ ಕಿತ್ತರೂ ಬೀದಿ ಕೊನೆಯ ದರ್ಜಿಯೇ ಗತಿ. ಒಂದು ಕಾಲಕ್ಕೆ ವಿಮಾನದ ಶೆಡ್ಡಿನಲ್ಲಿ ಮರದ ರೆಕ್ಕೆಗಳಿಗೆ ಬಟ್ಟೆ ಹೊಲಿಯುತ್ತಿದ್ದ ಹೆಂಗಸರಲ್ಲಿ ಇವಳದೇ ಎತ್ತಿದ ಕೈ. ಆ ಹೆಸರು ಬಂದದ್ದು ಅಲ್ಲಿಂದ.

ನಲವತ್ತೊಂದು ವರ್ಷದ ಹಿಂದೆ ಇವಳು ಹೊಲಿದ ವಿಮಾನವೊಂದು ಬಲರೆಕ್ಕೆಯ ಬಟ್ಟೆ ಕಿತ್ತುಬಂದು ಹೊಲಕ್ಕೆ ಬಿತ್ತು. ಓಡಿಸುತ್ತಿದ್ದವನು ಸ್ವಂತ ಮೈದುನ. "ಅತ್ತಿಗೆ ಹೊಲಿದ ರೆಕ್ಕೆ, ನಂಗೇನು ಭಯ?" ಎಂದು ಹಲ್ಲುಕಿರಿದು ಹತ್ತಿದವನು ಹೆಣವಾಗಿ ಮನೆಗೆ ಬಂದ. ಅತ್ತೆ ಸಾಯುವವರೆಗೂ ಈ ಸೊಸೆಯ ಕೈಯಿಂದ ಒಂದು ಲೋಟ ನೀರು ಕುಡಿಯಲಿಲ್ಲ. ತಪ್ಪು ತನ್ನದೇ ಎಂದು ಇವಳೂ ನಂಬಿ ಅಂದೇ ಸೂಜಿ ಬಿಟ್ಟಳು.

ಮೊನ್ನೆ ಬೆಳಗ್ಗೆ ವಸ್ತುಸಂಗ್ರಹಾಲಯದವನೊಬ್ಬ ಒಂದು ಹಳೇ ಫೋಟೊ ಹಿಡಿದು ಬಂದ.

"ಅಮ್ಮಾ, ಇದ್ಯಾವ ವಿಮಾನ ಅಂತ ಯಾರಿಗೂ ಗೊತ್ತಾಗ್ತಿಲ್ಲ. ನಂಬರೂ ಕಾಣ್ಸಲ್ಲ. ನೀವು ಹೇಳಿದ್ರೆ ಉಂಟು."

"ಅವಳ ಕಣ್ಣಿಗ್ಯಾಕಪ್ಪಾ ತೊಂದ್ರೆ?" ಎಂದ ಮೇಸ್ತ್ರಿ, ಪೇಪರಿನ ಹಿಂದಿನಿಂದ. ಮೇಸ್ತ್ರಿ ಎಂದರೆ ಅವಳ ಗಂಡ. ಅದೇ ಶೆಡ್ಡಿಗೆ ಯಜಮಾನನಾಗಿದ್ದವನು.

ಅವಳು ಕೇಳಲಿಲ್ಲ. ಭೂತಗನ್ನಡಿ ಹಿಡಿದು ಬಗ್ಗಿದಳು. ಒಂದರ ಮೇಲೊಂದು ಜೋಡಿ ರೆಕ್ಕೆ, ಎಡಕ್ಕೆರಡು ಬಲಕ್ಕೆರಡು. ಮೂತಿ ಮಣ್ಣಿಗೆ ಹೂತಿದೆ. ಯಾರೋ ಮರ ಹತ್ತಿ ಮೇಲಿನಿಂದ ತೆಗೆದಿರಬೇಕು. ಮೇಲಿನ ರೆಕ್ಕೆಯ ನಡುವೆ ಪೆಟ್ರೋಲ್ ಟ್ಯಾಂಕಿನ ಗೂನು, ಅದರ ಎಡಕ್ಕೊಂದು ನೆಗ್ಗು. ಈ ನೆಗ್ಗು ಇದ್ದದ್ದು ಒಂದೇ ವಿಮಾನಕ್ಕೆ.

"ಅಯ್ಯೋ, ಇದು ನಮ್ಮ ಗೂನಿ!"

ಗೂನು ನೋಡಿ ಶೆಡ್ಡಿನವರು ಹಾಗೆ ಕರೆಯುತ್ತಿದ್ದ ಅದೇ ವಿಮಾನ, ಮೈದುನನನ್ನು ತಿಂದದ್ದು. ಬಿದ್ದ ಜಾಗಕ್ಕೆ ಅವಳನ್ನು ಯಾರೂ ಕರೆದೊಯ್ದಿರಲಿಲ್ಲ. ಫೋಟೊ ತಿರುಗಿಸಿ ಇಟ್ಟುಬಿಡಬೇಕೆನ್ನಿಸಿತು. ಆದರೆ ಹೊಲಿದ ಕೈ ನೋಡಿ! ಬೆರಳು ತಾನಾಗಿಯೇ ಪಟ್ಟಿಗಳ ಮೇಲೆ ಓಡಿತು.

ಹೊಲಿಗೆಯ ಸಾಲಿನ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿ ಮುಚ್ಚುವುದು ಅಲ್ಲಿನ ಪದ್ಧತಿ. ಪಟ್ಟಿಯ ತುದಿಯನ್ನು ಒಬ್ಬೊಬ್ಬರು ಒಂದೊಂದು ಥರ ಕತ್ತರಿಸುತ್ತಿದ್ದರು. ಯಾರ ಕೆಲಸ ಎಂದು ಗುರುತಿಗೆ. ಇವಳದು ನಾಲಿಗೆಯಂತೆ ದುಂಡು. ಎಡರೆಕ್ಕೆಯಲ್ಲಿ ಎಲ್ಲ ದುಂಡು. ಬಟ್ಟೆ ಹರಿದು ಜೋತ ಬಲರೆಕ್ಕೆಯಲ್ಲಿ ಉಳಿದ ಪಟ್ಟಿಗಳ ತುದಿ ಮೀನಿನ ಬಾಲದಂತೆ ಕವಲು. ಎರಡನೇ ಸಲ ನೋಡಿದಳು, ಮೂರನೇ ಸಲ ನೋಡಿದಳು. ಕವಲೇ. ಶೆಡ್ಡಿನಲ್ಲಿ ಹಾಗೆ ಕತ್ತರಿಸುತ್ತಿದ್ದವನು ಒಬ್ಬನೇ.

"ರೀ... ಬಲರೆಕ್ಕೆ ನಾನು ಹೊಲಿದಿದ್ದಲ್ಲ."

ಪೇಪರು ಕೆಳಗಿಳಿಯಿತು. ಮೇಸ್ತ್ರಿ ಅದನ್ನು ನಾಲ್ಕಾಗಿ ಮಡಚತೊಡಗಿದ.

"ನೀನು ತವರಿಗೆ ಹೋಗಿದ್ದೆಯಲ್ಲ, ಆ ಭಾನುವಾರ... ನನ್ನ ಏಣಿ ಜಾರಿ ಬಟ್ಟೆ ಹರೀತು ಕಣೇ. ಸೋಮವಾರ ಹಾರಾಟ. ನಾನೇ ಹೊಸ ಬಟ್ಟೆ ಹೊಲ್ದೆ. ಅವಸರ ನೋಡು, ಪ್ರತಿ ಹೊಲಿಗೆಗೂ ಹಾಕ್ಬೇಕಾದ ಗಂಟನ್ನ ಒಂದು ಬಿಟ್ಟು ಒಂದಕ್ಕೆ ಹಾಕ್ದೆ."

"ನಲವತ್ತೊಂದು ವರ್ಷ ರೀ!"

"ಹೇಳ್ಬೇಕು ಅಂತಾನೇ ಇದ್ದೆ..."

"ನಿಮ್ಮಮ್ಮ ಸಾಯೋವಾಗ್ಲಾದ್ರೂ ಹೇಳ್ಬಾರ್ದಿತ್ತಾ? ಒಂದು ಗುಟುಕು ನೀರು ಕುಡೀತಿದ್ರಲ್ರೀ, ನನ್ನ ಕೈಲಿ!"

ಬಂದವನು ಪಾಪ, ಕೂರಲೂ ಆಗದೆ ಏಳಲೂ ಆಗದೆ ಒದ್ದಾಡಿ ಕೊನೆಗೆ ಫೋಟೊಗೆ ಕೈ ಚಾಚಿದ.

"ನಾನು ಇನ್ನೊಂದಿನ ಬರ್ತೀನಮ್ಮಾ."

"ಬೇಡ, ಕೂತ್ಕೋ. ಬರ್ಕೋ. ಇದು ಗೂನಿ, ನಮ್ಮ ಶೆಡ್ಡಿನ ಮೂರನೇ ವಿಮಾನ. ಇರೋದು ನಾಲ್ಕು ರೆಕ್ಕೆ. ಮೂರು ಹೊಲಿದವಳು ನಾನು." ಸೆರಗಿನಿಂದ ಮುಖ ಒರೆಸಿಕೊಂಡು ಗಂಡನ ಎದುರಿಗೇ ಕುರ್ಚಿ ಎಳೆದಳು. "ನಾಲ್ಕನೇದು ಯಾರು ಅಂತ ಇವ್ರು ಹೇಳ್ತಾರೆ. ಹೇಳೋವರ್ಗೂ ನಾನು ಇಲ್ಲಿಂದ ಏಳಲ್ಲ."