ಗುಹೆಯ ಅಜ್ಜಿ ಯಾರ ಕಡೆಯವಳು?

ನನ್ನ ಚಿಕ್ಕಮ್ಮ ವಿನಿಫ್ರೆಡ್ ಹಟಕ್ಕೆ ಬಿದ್ದಳೆಂದರೆ ಅಲಾಸ್ಕಾದ ಈ ದ್ವೀಪವೇ ಪಕ್ಕಕ್ಕೆ ಸರಿಯಬೇಕು. ನಮ್ಮೂರ ಗುಹೆಯಲ್ಲಿ ಸಿಕ್ಕ, ಸಾವಿರಾರು ವರ್ಷ ಹಳೆಯ ಹೆಂಗಸೊಬ್ಬಳ ಮೂಳೆಗಳನ್ನು ದೂರದ ಮ್ಯೂಸಿಯಂ ಒಂದರವರು ಒಯ್ದು ಕಪಾಟಿನಲ್ಲಿಟ್ಟಿದ್ದರು. ಅವಳನ್ನು ಊರಿಗೆ ತಂದು ಮಣ್ಣು ಮಾಡಬೇಕೆಂಬುದೊಂದೇ ಚಿಕ್ಕಮ್ಮನ ಪಟ್ಟು. ರಕ್ತಸಂಬಂಧ ತೋರಿಸಿದರೆ ಕೊಡುತ್ತೇವೆ ಎಂದರು ಆ ಮಹಾನುಭಾವರು. ಕೇಳದೆ ಒಯ್ಯುವಾಗ ತಾವು ಯಾವ ಸಂಬಂಧ ತೋರಿಸಿದ್ದರೋ!

ಡಿಎನ್‌ಎ ಪರೀಕ್ಷೆ ಮಾಡುವ ಹುಡುಗಿಯೊಬ್ಬಳು ದಾರಿ ಹೇಳಿದಳು. ಮೈಟೋಕಾಂಡ್ರಿಯದ ಡಿಎನ್‌ಎ ತಾಯಿಯಿಂದಷ್ಟೇ ಬರುತ್ತದೆ, ಮಗಳಿಂದ ಮೊಮ್ಮಗಳಿಗೆ ಇಳಿಯುತ್ತದೆ, ಮಗನಲ್ಲಿ ನಿಂತುಬಿಡುತ್ತದೆ ಎಂದಳು. ನಮಗಿದು ಹೊಸತೇ? ನಮ್ಮ ಟ್ಲಿಂಗಿಟ್ ಬುಡಕಟ್ಟಿನಲ್ಲಿ ಹುಟ್ಟಿದ ಕೂಸು ತಾಯಿಯ ಕುಲಕ್ಕೇ ಸೇರುವುದು. ನಮ್ಮಲ್ಲಿರುವುದು ಎರಡೇ ಕಡೆ, ಕಾಗೆ ಮತ್ತು ಹದ್ದು. ತಾಯಿ ಕಾಗೆಯ ಕಡೆಯವಳಾದರೆ ಮಕ್ಕಳೂ ಕಾಗೆ. ಮದುವೆ ಮಾತ್ರ ಹದ್ದಿನ ಕಡೆಯವರೊಂದಿಗೆ. ನಾವು ಕಾಗೆ.

"ಅವಳು ನಮ್ಮಜ್ಜಿನೇ ಕಣೇ," ಎನ್ನುತ್ತಾ ಚಿಕ್ಕಮ್ಮ ಕಾಗೆಯ ಹೆಂಗಸರ ಮನೆಮನೆಗೂ ಹೋಗಿ ಪರೀಕ್ಷೆಗೆಂದು ಉಗುಳು ಸಂಗ್ರಹಿಸಿದಳು. ಒಂದೂ ಹೊಂದಲಿಲ್ಲ. ಸಾಕು ಬಿಡು ಎಂದರು ಊರವರು. ಅವಳು ಒಂದು ದಿನ ಅತ್ತಳು. ಮರುದಿನ, ಕಾಗೆಯಲ್ಲದಿದ್ದರೆ ಹದ್ದೇ ಇರಬೇಕು ಎನ್ನುತ್ತಾ ನನ್ನನ್ನೂ ಎಳೆದುಕೊಂಡು, ಹದ್ದಿನ ಕಡೆಯ ನಾದಿನಿ ಆಗ್ನೆಸಳ ಮನೆಗೆ ನಡೆದಳು.

ಆಗ್ನೆಸ್ ಸಾಲ್ಮನ್ ಮೀನು ಸೀಳಿ ಹೊಗೆಗೆ ತೂಗುಹಾಕುತ್ತಿದ್ದಳು. "ಏನು, ನಿಮ್ ಕಾಗೆಗಳ ಬಾಯೆಲ್ಲಾ ಒಣಗಿಹೋಯ್ತಾ? ನಾನು ಉಗುಳಲ್ಲ, ಹೋಗು."

"ಉಗುಳೋದು ನಿಂಗೇನ್ ಹೊಸದಾ? ನಿಮ್ಮಣ್ಣನ್ನ ಕಟ್ಕೊಂಡಾಗಿಂದ ನನ್ ಮುಖಕ್ಕೆ ಉಗೀತಾನೇ ಇದೀಯ. ಇವತ್ತು ಈ ಸೀಸೆಗೆ ಉಗಿ."

ಆಗ್ನೆಸ್ ನಕ್ಕುಬಿಟ್ಟಳು. ಆಮೇಲೆ ಉಗಿದಳು.

ಅದು ಹೊಂದಿತು. ಗುಹೆಯ ಹೆಂಗಸು ಆಗ್ನೆಸಳ ತಾಯಿಬಳ್ಳಿಯವಳು. ಚಿಕ್ಕಮ್ಮನ ಮುಖ ನೋಡಲಾಗಲಿಲ್ಲ. ಚಪ್ಪಲಿ ಸವೆಸಿದವಳು ಇವಳು, ಅಜ್ಜಿ ಅವರ ಪಾಲು! ನನಗಂತೂ ಹೊಟ್ಟೆ ಉರಿಯಿತು. ಆದರೂ ಆಗ್ನೆಸಳ ಹೆಸರಿನಲ್ಲೇ ಮ್ಯೂಸಿಯಂನವರ ಬೆನ್ನು ಹತ್ತಿ, ಅವರು ಸಬೂಬು ಹೇಳಿದಷ್ಟೂ ಮೇಲೆ ಬಿದ್ದು, ಮೂಳೆಗಳನ್ನು ಬಿಡಿಸಿದವಳು ಚಿಕ್ಕಮ್ಮನೇ.

ಅಜ್ಜಿಯ ಮೂಳೆಗಳನ್ನು ಹೊತ್ತ ದೋಣಿ ಬಂದ ದಿನ ಎಲ್ಲರೂ ದಡಕ್ಕೆ ಓಡಿದರು. ಚಿಕ್ಕಮ್ಮ ಹಿಂದೆಯೇ ನಿಂತಳು.

"ಅಲ್ಯಾಕೆ ಕಂಬದ ಹಾಗೆ ನಿಂತೆ?" ಆಗ್ನೆಸ್ ಕೂಗಿದಳು.

"ನಿಮ್ಮವಳು. ನೀವೇ ಇಳಿಸ್ಕೊಳ್ಳಿ."

"ಬುದ್ಧಿ ಎಲ್ಲಿಟ್ಟಿದೀಯ? ಸತ್ತೋರನ್ನ ಅವರ ಕಡೆಯೋರು ಯಾವತ್ತಾದ್ರೂ ಹೊತ್ತಿದಾರಾ? ಹದ್ದು ಸತ್ರೆ ಕಾಗೆಯೋರೇ ಹೊರಬೇಕು, ಕಾಗೆಯೋರೇ ಗುಂಡಿ ತೋಡಬೇಕು. ನಾವು ಕೂತು ಅಳೋರು ಅಷ್ಟೇ. ಇವಳು ನಿಮ್ಮಜ್ಜಿ ಆಗಿದ್ರೆ ನೀನು ಪೆಟ್ಟಿಗೆ ಮುಟ್ಟೋ ಹಾಗೂ ಇರ್ತಿರ್ಲಿಲ್ಲ. ಬಾರೇ!"

ಚಿಕ್ಕಮ್ಮ ಜನರನ್ನು ಸರಿಸಿಕೊಂಡು ದೋಣಿಗೆ ಇಳಿದಳು. ದೇವದಾರಿನ ಆ ಪುಟ್ಟ ಪೆಟ್ಟಿಗೆಯನ್ನು ಎದೆಗವಚಿ ಎತ್ತಿದಳು. ಭಾರವಾದೀತೆಂದು ನಾನು ಕೈ ಚಾಚಿದೆ. ಕೊಡಲಿಲ್ಲ. ಗುಡ್ಡ ಹತ್ತುವವರೆಗೂ ಯಾರಿಗೂ ಕೊಡಲಿಲ್ಲ.