ದುಭಾಷಿ ಹೇಳದೆ ಬಿಟ್ಟ ಮಾತು

ಆ ದಿನ ಡಾಕ್ಟರ ಕೋಣೆಯಲ್ಲಿ ಕೂರಬೇಕಾಗಿದ್ದವಳು ನಾನು. ಮಗಳ ಮೈ ಬೆಚ್ಚಗಿತ್ತು. ಬೆಚ್ಚಗಿತ್ತು ಅಷ್ಟೇ, ಜ್ವರ ಅನ್ನುವಂಥದ್ದೇನಲ್ಲ; ಪಕ್ಕದ ಮನೆಯಾಕೆಯ ಹತ್ತಿರ ಬಿಟ್ಟು ಹೋಗಬಹುದಿತ್ತು. ಹೊರಗೆ ಚಳಿ, ಏಳಲು ಸೋಮಾರಿತನ. ಫೋನ್ ಮಾಡಿ ಬರುವುದಿಲ್ಲ ಅಂದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿಯ ತಪ್ಪಿನ ಮಾತು ಬಂದಾಗ ನನ್ನ ಪಾಲೂ ಲೆಕ್ಕಕ್ಕಿರಲಿ.

ನಮ್ಮಿಬ್ಬರದೂ ಒಂದೇ ಕೆಲಸ. ಪರದೇಶದ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಅಲ್ಲಿಯ ಭಾಷೆ ಬಾರದ ನಮ್ಮ ಕಡೆಯ ರೋಗಿಗಳಿಗೂ ಡಾಕ್ಟರಿಗೂ ನಡುವೆ ಕೂತು ಮಾತು ದಾಟಿಸುವುದು. ನಮ್ಮ ಭಾಷೆಯ ಜೊತೆಗೆ ನೆರೆಯ ಇನ್ನೆರಡು ಭಾಷೆಗಳೂ ನಮ್ಮ ಪಾಲಿಗೇ ಬರುತ್ತಿದ್ದವು. ನಾನು ಹನ್ನೆರಡು ವರ್ಷದ ಹಳಬಳು, ಅವಳು ಸೇರಿ ಎರಡು ವರ್ಷ. ಸೇರುವಾಗ ನಮಗೆ ಎರಡು ನಿಯಮ ಕಲಿಸುತ್ತಾರೆ. ಆಡಿದ್ದಕ್ಕಿಂತ ಒಂದು ಮಾತು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಇನ್ನೊಂದು, ಸ್ವಂತದವರಿಗೆ ಮಾತು ದಾಟಿಸಬಾರದು.

ಅವಳ ಗಂಡ ಗಾಜು ಕೂರಿಸುವವನು. ಎತ್ತರದ ಕಟ್ಟಡಗಳಿಗೆ ಆಳುದ್ದದ ಗಾಜಿನ ಹಾಳೆಗಳನ್ನು ರಬ್ಬರ್ ಹಿಡಿ ಅಂಟಿಸಿ ಎತ್ತಿ, ಚೌಕಟ್ಟಿಗೆ ಕೂರಿಸಿ, ಸಂದಿಗೆ ಅಂಟು ತುಂಬುವ ಕೆಲಸ. ಕೂದಲೆಳೆಯಷ್ಟು ಆಚೀಚೆಯಾದರೂ ಗಾಜು ಕೂರುವುದಿಲ್ಲ. ಅಲ್ಲಿಯ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ಅಂಕಿಗಳು, ಅಳತೆಗೆ ಬೇಕಲ್ಲ. ಅದರ ಜೊತೆಗೆ 'ಮೇಲೆ', 'ಕೆಳಗೆ', 'ಹುಷಾರು', ಮತ್ತೆ ಎರಡು ಬೈಗುಳ. ಮಿಕ್ಕಿದ್ದಕ್ಕೆಲ್ಲ ಹೆಂಡತಿಯೇ.

"ನಾನ್ಯಾಕೆ ಕಲೀಬೇಕು ಅಕ್ಕಾ? ಮನೇಲೇ ದುಭಾಷೀನ ಇಟ್ಕೊಂಡಿದೀನಿ" ಅನ್ನುತ್ತಿದ್ದ ನನ್ನ ಹತ್ತಿರ. "ಹೇಳಿದ್ದೇ ಹೇಳೋ ಕಿಸುಬಾಯಿ ದಾಸ ಅಂತ ನಮ್ಮಮ್ಮ ಬೈತಿದ್ಳು. ಇಲ್ಲಿ ನೋಡಿದ್ರೆ ಅದಕ್ಕೂ ಕರೆದು ಸಂಬಳ ಕೊಡ್ತಾರೆ!"

ಹೆಂಡತಿಯನ್ನು ಅವನು ಕರೆಯುತ್ತಿದ್ದದ್ದೇ 'ದುಭಾಷಿ' ಅಂತ. ಸೈಕಲ್ ರಿಪೇರಿ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ ಅವರ ಮನೆ. ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಚಳಿ ನುಗ್ಗುತ್ತದೆಂದು ಕೆಲಸದಲ್ಲಿ ಮಿಕ್ಕ ಗಾಜಿನ ತುಂಡುಗಳಿಂದ ಕಿಟಕಿಗೆ ಎರಡನೇ ಪದರ ಕೂರಿಸಿದ್ದ. ನಾಲ್ಕು ಥರದ ಗಾಜು, ಒಂದು ಕಡೆ ಹಸಿರು ಛಾಯೆ, ಒಂದು ಕಡೆ ಮಬ್ಬು. ಅದರ ಮುಂದೆ ಕೂತರೆ ಎದುರಿನ ಬೀದಿಯಲ್ಲಿ ಹೋಗುವವರು ಒಂದು ಗಾಜಿನಲ್ಲಿ ಸಣ್ಣಗೆ, ಇನ್ನೊಂದರಲ್ಲಿ ಡೊಂಕಾಗಿ ಕಾಣುತ್ತಿದ್ದರು. ಅವಳಿಗೆ ಅದೊಂದು ತಮಾಷೆ.

ಅವನು ಕಾಲಿಗೆ ಚಕ್ರ ಕಟ್ಟಿಕೊಂಡವನು. ವಾರವಿಡೀ ಹಗ್ಗಕ್ಕೆ ಜೋತುಬಿದ್ದು ದುಡಿದವನು ಭಾನುವಾರ ಹಾಸಿಗೆ ಬಿಟ್ಟು ಏಳದಿದ್ದರೆ ಅದು ಸಹಜ. ಇವನೋ ಬೆಳಿಗ್ಗೆ ಆರಕ್ಕೇ ಎದ್ದು ಡಬ್ಬಿ ಕಟ್ಟಿಕೊಂಡು ಅವಳನ್ನೂ ಎಬ್ಬಿಸುತ್ತಿದ್ದ. ಯಾವುದೋ ಊರಿನ ರೈಲು ನಿಲ್ದಾಣಕ್ಕೆ ನೂರು ವರ್ಷದ ಗಾಜಿನ ಮಾಡು ಇದೆಯಂತೆ, ನಡಿ. ಇನ್ಯಾವುದೋ ಊರಿನ ಗ್ರಂಥಾಲಯದ ಕಿಟಕಿಗಳು ಬಾಗಿವೆಯಂತೆ, ಬಾಗಿದ ಗಾಜನ್ನು ಹೇಗೆ ಕೂರಿಸಿದರೋ ನೋಡಬೇಕು, ನಡಿ. ಬಸ್ಸು, ರೈಲು, ಒಮ್ಮೊಮ್ಮೆ ಎರಡು ಗಂಟೆ ನಡಿಗೆ. ಒಂದು ವಸ್ತುಸಂಗ್ರಹಾಲಯದಲ್ಲಿ ಸದ್ದು ಹೇಗೆ ಬರುತ್ತದೆಂದು ಬೆರಳ ಗೆಣ್ಣಿನಿಂದ ಗಾಜನ್ನು ಕುಟ್ಟಿ, ಕಾವಲಿನವನು ಓಡಿ ಬಂದು ಇಬ್ಬರನ್ನೂ ಹೊರಗೆ ಹಾಕಿದ್ದ.

"ಏನಂದ ಅವನು?" ಅಂತ ಹೊರಗೆ ಬಂದ ಮೇಲೆ ಕೇಳಿದನಂತೆ.

"ತುಂಬಾ ತಿಳಿದವರ ಹಾಗೆ ಕಾಣ್ತೀರಿ, ಮತ್ತೆ ಬನ್ನಿ ಅಂದ" ಅಂದಳಂತೆ ಇವಳು.

ಅವನು ನಂಬಿದ. ಆಮೇಲೆ ನಿಜ ತಿಳಿದು, ಇಬ್ಬರೂ ಇದನ್ನು ನನಗೆ ಹೇಳಿ ಬಿದ್ದು ಬಿದ್ದು ನಕ್ಕಿದ್ದರು. ಮಾತಿಗೆ ಬಣ್ಣ ಹಚ್ಚಿ ಅವನಿಗೆ ದಾಟಿಸುವ ಚಾಳಿ ಅವಳಿಗೆ ಆಗಲೇ ಇತ್ತು. ಅದು ಗಂಡನ ಮುಖ ಬಾಡಬಾರದು ಅನ್ನುವ ಪ್ರೀತಿ, ನಾನೂ ಹಾಗೇ ತಿಳಿದಿದ್ದೆ.

ಮದುವೆಯಾಗಿ ನಾಲ್ಕನೇ ವರ್ಷ ಅವನಿಗೆ ಹೊಟ್ಟೆನೋವು ಶುರುವಾಯಿತು. ಬೆನ್ನಿಗೂ ಹರಡುವ ನೋವು. ಭಾರ ಎತ್ತುವವನಲ್ಲವೇ, ಉಳುಕಿರಬೇಕೆಂದು ಮುಲಾಮು ತಿಕ್ಕಿದರು. ಪ್ಯಾಂಟು ಸಡಿಲವಾಯಿತು, ಬೆಲ್ಟಿಗೆ ಹೊಸ ತೂತು ಬಿತ್ತು. ಕಣ್ಣು ಹಳದಿಯಾದ ಮೇಲೆ ನಮ್ಮ ಆಸ್ಪತ್ರೆಗೇ ಕರೆತಂದಳು. ಪರೀಕ್ಷೆಗಳಾದವು. ಫಲಿತಾಂಶ ಹೇಳುವ ದಿನ ಮಾತು ದಾಟಿಸಲು ನನ್ನ ಹೆಸರು ಬರೆದಿದ್ದರು. ನಾನು ಹೋಗಲಿಲ್ಲ.

ಅಂದು ಏನಾಯಿತೆಂದು ಅವಳೇ ಹೇಳಿದ್ದು. ಡಾಕ್ಟರು ಐವತ್ತು ದಾಟಿದ ಹೆಂಗಸು, ನಿಧಾನಸ್ಥೆ. ದುಭಾಷಿ ಬಂದಿಲ್ಲ ಅಂದಾಗ, ಇನ್ನೊಂದು ದಿನ ಸೇರೋಣ ಅಂದರಂತೆ. "ಬೇಡ, ನಾನೇ ಹೇಳ್ತೀನಿ. ಇದೇ ನನ್ನ ಕೆಲಸ" ಅಂದವಳು ಇವಳೇ. ಇನ್ನೊಂದು ವಾರ ಕಾಯುವ ಶಕ್ತಿ ಅವಳಲ್ಲಿರಲಿಲ್ಲ.

ಡಾಕ್ಟರು ಹೇಳಿದರು: ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್. ಯಕೃತ್ತಿಗೂ ಹಬ್ಬಿದೆ. ಕೊಯ್ದು ತೆಗೆಯಲಾಗದು. ಔಷಧಿ ಏರಿಸಿದರೆ ಸ್ವಲ್ಪ ದಿನ ತಡೆಯಬಹುದು, ವಾಸಿಯಾಗುವುದಿಲ್ಲ. ಆರು ತಿಂಗಳು, ಹೆಚ್ಚೆಂದರೆ ಎಂಟು.

ಗಂಡ ಅವಳ ಬಾಯನ್ನೇ ನೋಡುತ್ತಿದ್ದ.

"ಗಡ್ಡೆ ಇದೆಯಂತೆ. ಕೆಟ್ಟ ಗಡ್ಡೇನೇ. ಆದ್ರೆ ಈಗಿನ್ನೂ ಶುರು. ಔಷಧಿಯಿಂದ ಕರಗಿಸ್ತಾರಂತೆ" ಅಂದಳು.

"ಆರು ಅಂದ್ರಲ್ಲ, ಏನು ಆರು?"

ಅಂಕಿ ಮಾತ್ರ ಅವನಿಗೆ ತಿಳಿಯುತ್ತಿತ್ತು.

"ಔಷಧಿ. ಆರು ತಿಂಗಳು ತಗೋಬೇಕಂತೆ."

ಅವನು ಉಸಿರು ಬಿಟ್ಟು ಡಾಕ್ಟರಿಗೆ ಕೈಮುಗಿದ. ಸಾವಿನ ಮಾತು ಕೇಳಿಯೂ ನಗುತ್ತಾ ಕೈಮುಗಿದವನನ್ನು ಕಂಡು ಡಾಕ್ಟರ ಕಣ್ಣು ತುಂಬಿತಂತೆ. ಎಂಥ ಧೈರ್ಯದ ಮನುಷ್ಯ ನಿಮ್ಮ ಗಂಡ, ಅಂದರಂತೆ. ಅದನ್ನೂ ಅವಳು ದಾಟಿಸಲಿಲ್ಲ.

ವಾರದ ನಂತರ ಸಿಬ್ಬಂದಿಯ ಚಹಾ ಕೋಣೆಯಲ್ಲಿ ನನ್ನ ಕೈ ಹಿಡಿದು ಎಲ್ಲ ಹೇಳಿದಳು.

"ಹೇಳಿಬಿಡೇ. ಇವತ್ತೇ ಹೇಳಿಬಿಡು."

"ಹೇಗಕ್ಕಾ? ದಿನಾ ಕ್ಯಾಲೆಂಡರಲ್ಲಿ ಗೀಟು ಎಳೀತಿದಾರೆ, ಔಷಧಿ ಮುಗಿಯೋಕೆ ಇಷ್ಟು ದಿನ ಉಳೀತು ಅಂತ. ಆ ಮುಖ ನೋಡ್ಕೊಂಡು ಹೇಗೆ ಹೇಳ್ಲಿ? ಸ್ವಲ್ಪ ದಿನ ಹೋಗ್ಲಿ. ನೀನು ಯಾರ ಹತ್ರಾನೂ ಬಾಯಿ ಬಿಡಬೇಡ."

ನಾನು ಬಿಡಲಿಲ್ಲ. ಔಷಧಿ ಏರಿಸುವ ದಿನಗಳಲ್ಲಿ ನರ್ಸುಗಳು ಕೇಳುವುದು ಎರಡೇ ಪ್ರಶ್ನೆ, ವಾಂತಿ ಆಯಿತೇ, ನಿದ್ದೆ ಬಂತೇ. ಅದಕ್ಕೆ ನಾವ್ಯಾರೂ ಬೇಕಾಗುತ್ತಿರಲಿಲ್ಲ, ಕೈಸನ್ನೆಯೇ ಸಾಕು. ಹಾಗಾಗಿ ಸುಳ್ಳು ನಿಂತಿತು.

ಊರಲ್ಲಿ ಅವನ ತಾಯಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತಾವೇ ಮೋಟಾರು, ಬೆಲ್ಟು, ಬೀಸುವ ಕಲ್ಲು ಎಲ್ಲ ಕಲಿತು ಮಗನನ್ನು ಬೆಳೆಸಿದ ಗಟ್ಟಿಗಿತ್ತಿ. ಅವರಿಗೆ ಮಗ ಹೇಳಿದ್ದು ಹೊಟ್ಟೆಯಲ್ಲಿ ಹುಣ್ಣು ಅಂತ. ಗಿರಣಿಯ ಸದ್ದಿನ ನಡುವೆ ಆಕೆ ಫೋನಿನಲ್ಲಿ ಕೂಗುತ್ತಿದ್ದರು: "ಒಂದ್ಸಲ ಬಂದು ಹೋಗೋ. ನೋಡ್ಬೇಕು ಅನ್ನಿಸ್ತಿದೆ."

ಮೂರನೇ ತಿಂಗಳಲ್ಲಿ ಔಷಧಿಗೆ ಮೂರು ವಾರ ಬಿಡುವು ಕೊಟ್ಟರು. ಮೈ ಸ್ವಲ್ಪ ಹಗುರವಾಗಿತ್ತು, ಊಟ ಸೇರುತ್ತಿತ್ತು. ಆಗಲೇ ಊರಿಗೆ ಹೋಗಬೇಕಿತ್ತು. ಅವಳು ಹೇಳಿಯೂ ಹೇಳಿದಳು: "ರೀ, ಅತ್ತೇನ ನೋಡ್ಕೊಂಡು ಬರೋಣ."

"ಈ ಅವತಾರದಲ್ಲಾ?" ಬೋಳು ತಲೆ ಸವರಿಕೊಂಡ. "ಅಮ್ಮ ಎದೆ ಒಡ್ಕೊಳ್ತಾಳೆ. ಔಷಧಿ ಮುಗೀಲಿ, ಕೂದಲು ಬರ್ಲಿ, ಮೈ ತುಂಬ್ಕೊಳ್ಳಲಿ. ಆಗ ಗಂಡಿನ ಥರ ಹೋಗಿ ನಿಲ್ತೀನಿ. ಈಗ ನಡಿ, ಆ ಸರೋವರದ ಊರಿಗೆ ಹೋಗೋಣ. ಅಲ್ಲೊಂದು ಗಾಜಿನ ಸಂತೆಕಟ್ಟೆ ಇದೆಯಂತೆ, ಇಡೀ ಬೀದಿ ಗಾಜಿನ ಮಾಡಿನ ಕೆಳಗಂತೆ."

"ಊರಿಗೇ ಹೋಗೋಣ್ರೀ."

"ಯಾಕೆ, ಊರೇನು ಓಡಿ ಹೋಗುತ್ತಾ?"

ಇದಕ್ಕೆ ಉತ್ತರ ಹೇಳಬೇಕೆಂದರೆ ಎಲ್ಲವನ್ನೂ ಹೇಳಬೇಕು. ಅವಳು ಸರೋವರದ ಊರಿಗೆ ಟಿಕೆಟ್ ತೆಗೆಸಿದಳು.

ಸರೋವರದ ಊರಿಗೆ ರೈಲಿನಲ್ಲಿ ಒಂಬತ್ತು ತಾಸು. ಕಿಟಕಿಯ ಪಕ್ಕ ಅವನು, ಅವನ ಬೆನ್ನಿಗೆ ಅವಳು ಮಡಚಿಟ್ಟ ಕಂಬಳಿ. ಅಲ್ಲಿ ನಾಲ್ಕು ದಿನ ಇದ್ದರು. ಗಾಜಿನ ಬೀದಿಯಲ್ಲಿ ಅವನು ಕತ್ತು ಮೇಲೆತ್ತಿಕೊಂಡು ಸಾಲು ಎಣಿಸುತ್ತಾ ನಡೆದ. ಎಲ್ಲೆಲ್ಲಿ ಹಳೆ ಗಾಜು ಒಡೆದು ಹೊಸದು ಹಾಕಿದ್ದಾರೆ, ಯಾವ ಕೆಲಸಗಾರ ಅಂಟನ್ನು ಒರಟಾಗಿ ಬಳಿದಿದ್ದಾನೆ, ಎಲ್ಲ ತೋರಿಸಿದ. ಹತ್ತು ಹೆಜ್ಜೆಗೊಮ್ಮೆ ಕೂರಬೇಕಾಗುತ್ತಿತ್ತು. ಅಂಗಡಿಯವರು ಕುರ್ಚಿ ಕೊಟ್ಟರು. ಮೂರನೇ ದಿನ ಮಧ್ಯಾಹ್ನ ನೀರಿನ ಅಂಚಿನ ಬೆಂಚಿನ ಮೇಲೆ ಇಬ್ಬರೇ ಇದ್ದಾಗ ಅವಳು ಮನಸ್ಸು ಗಟ್ಟಿ ಮಾಡಿ, "ರೀ, ಒಂದು ಮಾತು" ಅಂದಳು.

ಅವನು ಕೇಳಿಸಿಕೊಳ್ಳಲಿಲ್ಲವೋ ಏನೋ. "ಮುಂದಿನ ವರ್ಷ ಅಮ್ಮನ್ನ ಕರ್ಕೊಂಡು ಬರೋಣ" ಅಂದ. "ಜನ್ಮಪೂರ್ತಿ ಹಿಟ್ಟಿನ ಧೂಳು ಕುಡಿದಿದಾಳೆ. ಇಲ್ಲಿ ಕೂರಿಸಿ ಒಳ್ಳೆ ಗಾಳಿ ಕುಡಿಸ್ಬೇಕು. ಏನೋ ಅಂದ್ಯಲ್ಲ?"

"ಏನಿಲ್ಲ. ಚಳಿ ಆಗ್ತಿದೆ, ಒಳಗೆ ಹೋಗೋಣ ಅಂದೆ."

ತಿರುಗಿ ಬಂದ ವಾರದಲ್ಲೇ ಜ್ವರ ಬಂತು, ಹೊಟ್ಟೆ ಉಬ್ಬಿತು. ಹಾಸಿಗೆ ಹಿಡಿದ. ಆಸ್ಪತ್ರೆಗೆ ಸೇರಿಸಿದ ಮಾರನೇ ದಿನ ಡಾಕ್ಟರು ಔಷಧಿ ನಿಲ್ಲಿಸುವ ವಿಷಯ ರೋಗಿಗೇ ತಿಳಿಸಬೇಕೆಂದರು. ಈ ಸಲ ನಿಯಮದ ಪ್ರಕಾರ ನಾನು ಹೋದೆ. ಒಳಗೆ ಹೋಗುವ ಮುಂಚೆ ಅವಳನ್ನು ಹೊರಗೆ ನಿಲ್ಲಿಸಿ ಕೇಳಿದೆ: "ನೀನು ಹೇಳ್ತೀಯಾ, ನಾನು ಹೇಳ್ಲಾ?"

ಅವಳು ಗೋಡೆಗೆ ಒರಗಿ ನಿಂತಳು. "ನೀನೇ ಹೇಳಕ್ಕಾ. ನನ್ನ ಬಾಯಿಂದ ಆಗಲ್ಲ."

ಡಾಕ್ಟರು ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿದರು. ನಾನು ಒಂದು ಮಾತು ಹೆಚ್ಚಿಲ್ಲದೆ, ಕಡಿಮೆಯಿಲ್ಲದೆ ದಾಟಿಸಿದೆ: "ಔಷಧಿ ಇನ್ನು ಕೆಲಸ ಮಾಡ್ತಿಲ್ಲ. ನಿಲ್ಲಿಸ್ತೀವಿ. ನೋವು ಆಗದ ಹಾಗೆ ನೋಡ್ಕೊಳ್ತೀವಿ. ಕೆಲವೇ ದಿನಗಳು ಉಳಿದಿರಬಹುದು."

ಅವನು ದಿಂಬಿನಿಂದ ತಲೆ ಎತ್ತಿದ. "ಇದು ಯಾವಾಗ ಗೊತ್ತಾಯ್ತು ಅಂತ ಕೇಳಕ್ಕಾ. ಈಗ್ಲಾ?"

ಕೇಳಿದೆ. ಡಾಕ್ಟರು ಹುಬ್ಬು ಗಂಟಿಕ್ಕಿ, ಮೊದಲ ದಿನವೇ ನಿಮಗೆ ಹೇಳಿದ್ದೆನಲ್ಲ, ನೀವು ಕೈ ಮುಗಿದಿರಿ, ಅಂದರು. ಹನ್ನೆರಡು ವರ್ಷದಲ್ಲಿ ಎಷ್ಟೋ ಸಾವು ದಾಟಿಸಿದ ಬಾಯಿ ನನ್ನದು. ಆ ಒಂದು ವಾಕ್ಯಕ್ಕೆ ನಾಲಿಗೆ ಏಳಲಿಲ್ಲ. ಆದರೂ ಹೇಳಿದೆ.

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಬಾಗಿಲ ಬಳಿ ನಿಂತಿದ್ದಳು. ಬೈಗುಳ ಬರುತ್ತದೆಂದು ಕಾದೆ, ಬರಲಿಲ್ಲ. "ಅಮ್ಮಂಗೆ ಫೋನ್ ಹಚ್ಚು" ಅಂದ ಅಷ್ಟೇ.

ಫೋನಿನಲ್ಲಿ ಗಿರಣಿಯ ಸದ್ದು. "ಗಿರಣಿ ನಿಲ್ಲಿಸಮ್ಮಾ, ಸ್ವಲ್ಪ ನಿಲ್ಲಿಸು" ಅಂದ. ಸದ್ದು ನಿಂತಿತು. ಮುಂದಿನ ಮಾತುಗಳನ್ನು ಕೇಳಬಾರದೆಂದು ನಾನು ಡಾಕ್ಟರ ಜೊತೆ ಹೊರಗೆ ಬಂದುಬಿಟ್ಟೆ. ತಾಯಿ ಹೊರಡಲು ಕಾಗದಪತ್ರವೇ ಇರಲಿಲ್ಲ. ಪರದೇಶಕ್ಕೆ ಹೋಗುವೆನೆಂದು ಆಕೆ ಕನಸಿನಲ್ಲೂ ಅಂದುಕೊಂಡವರಲ್ಲ. ಅದನ್ನೆಲ್ಲ ಮಾಡಿಸಲು ವಾರಗಳು ಬೇಕು.

ಆ ದಿನವೆಲ್ಲ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವಳು ಗಂಜಿ ತಂದರೆ ಬೇಡ ಅಂದ. ಮರುದಿನ ಬೆಳಿಗ್ಗೆ ಅವಳು ಅವನ ಪಾದ ಒರೆಸುತ್ತಿದ್ದಾಗ, ಕಾಲು ಎಳೆದುಕೊಳ್ಳಲಿಲ್ಲ.

"ಊರು ಓಡಿ ಹೋಗುತ್ತಾ ಅಂದಿದ್ದೆ ನಾನು" ಅಂದ. "ಆಗಲಾದ್ರೂ ಹೇಳ್ಬಾರ್ದಿತ್ತಾ ನೀನು?"

ಅವಳು ಇನ್ನೊಂದು ಪಾದ ಒರೆಸತೊಡಗಿದಳು. ಅವನು ಮತ್ತೆ ಕೇಳಲಿಲ್ಲ. ಅವಳ ಕೈಯನ್ನಂತೂ ಹಿಡಿದುಕೊಂಡಿದ್ದ, ಅದು ನಾನು ಕಂಡದ್ದು. ಕ್ಷಮಿಸಿದನೋ, ಬೇರೆ ಕೈ ಇರಲಿಲ್ಲವೆಂದು ಹಿಡಿದನೋ, ಯಾರು ಹೇಳಬೇಕು. ಮೂರನೇ ದಿನ ಮಧ್ಯಾಹ್ನ ಪ್ರಾಣ ಹೋಯಿತು. ಮೂವತ್ತೆರಡು ವರ್ಷ.

ದಹನ ಅಲ್ಲೇ ಆಯಿತು. ಗಾಜಿನ ಕೆಲಸದವರು ಹನ್ನೊಂದು ಜನ, ಕೆಲಸದ ಬಟ್ಟೆಯಲ್ಲೇ ಬಂದು ಹಿಂದೆ ಸಾಲಾಗಿ ನಿಂತಿದ್ದರು. ಬೂದಿ ತೆಗೆದುಕೊಂಡು ಅವಳೊಬ್ಬಳೇ ಊರಿಗೆ ಹೋದಳು. ಬೇಡವೇ, ಈಗ್ಯಾಕೆ, ಅಂತ ನಾನು ಅಂದರೂ ಕೇಳದೆ ಅತ್ತೆಯ ಮುಂದೆ ಕೂತು ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದಳಂತೆ. ಈ ಸಲ ಏನೂ ಬಿಡಲಿಲ್ಲ.

ಅತ್ತೆ ಕೂಗಾಡಲಿಲ್ಲ. "ಅವನಿಗೆ ಸುಳ್ಳು ಹೇಳಿದ್ದು ಗಂಡ ಹೆಂಡ್ತಿ ಮಧ್ಯದ ಮಾತು. ಅದರಲ್ಲಿ ನಾನು ಬರಲ್ಲ" ಅಂದರಂತೆ. "ನಂಗ್ಯಾಕೆ ಹೇಳ್ಲಿಲ್ಲ? ಮೂರು ತಿಂಗಳಿತ್ತಲ್ಲ ತಾಯಿ. ಗಿರಣಿಗೆ ಬೀಗ ಹಾಕಿ ಬರ್ತಿದ್ದೆ. ಹಣೇಲಿ ಬರೆದಿದ್ದನ್ನ ಅಳಿಸೋಕಾಗ್ತಿತ್ತಾ, ಇಲ್ಲ. ಮುಖ ನೋಡ್ತಿದ್ದೆ."

ಅವಳಿಗೆ ಅದು ಹೊಳೆದೇ ಇರಲಿಲ್ಲ. ಅವನನ್ನು ಕರೆದೊಯ್ಯುವುದೊಂದೇ ದಾರಿ ಅಂದುಕೊಂಡಿದ್ದಳು; ತಾಯಿಯನ್ನು ಕರೆಸಬಹುದೆಂದು ಅವಳಿಗೂ ತೋಚಲಿಲ್ಲ, ಬುದ್ಧಿ ಹೇಳಿದ ನನಗೂ ತೋಚಲಿಲ್ಲ.

ವಾಪಸು ಬಂದವಳು ನೇರ ಮೇಲಧಿಕಾರಿಯ ಕೋಣೆಗೆ ಹೋಗಿ, ತಾನು ತಪ್ಪಾಗಿ ಮಾತು ದಾಟಿಸಿದ್ದೆನೆಂದು ಬರೆದುಕೊಟ್ಟಳು. ಸರದಿ ನನ್ನದಾಗಿತ್ತೆಂದು ನಾನೂ ಹೇಳಿದೆ. ನನಗೆ ಯಾರೂ ಏನೂ ಅನ್ನಲಿಲ್ಲ. ಅವಳನ್ನು ಆ ಕೆಲಸದಿಂದ ತೆಗೆದು, ಪಾಪ ಅಂತ ಬಟ್ಟೆ ವಿಭಾಗಕ್ಕೆ ಹಾಕಿದರು. ನೆಲಮಾಳಿಗೆಯಲ್ಲಿ, ಒಗೆದು ಬಂದ ಹಾಸಿಗೆ ಹೊದಿಕೆಗಳನ್ನು ಮಡಚಿ ಒಟ್ಟುವುದು. ಯಂತ್ರಗಳ ಗದ್ದಲ, ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಹಾಯಾಗಿದೆ ಅನ್ನುತ್ತಾಳೆ.

ಹನ್ನೊಂದು ತಿಂಗಳು ಅತ್ತೆ ಫೋನ್ ಮಾಡಲಿಲ್ಲ, ಇವಳು ಮಾಡಿದರೆ ಎತ್ತಲಿಲ್ಲ. ಒಂದು ಭಾನುವಾರ ನಾನು ಅವಳ ಕೋಣೆಯಲ್ಲಿ ಕೂತಿದ್ದಾಗ ಫೋನ್ ಬಂತು. ಅವಳು ಎದ್ದು ನಿಂತು ಎತ್ತಿದಳು.

"ಊಟ ಆಯ್ತಾ?" ಆ ಕಡೆಯಿಂದ ಗಟ್ಟಿ ದನಿ, ನನಗೂ ಕೇಳಿಸಿತು.

"ಆಯ್ತು ಅತ್ತೆ. ನಿಮ್ದು?"

"ಎಲ್ಲಿಂದ? ಗಿರಣಿ ಬೆಲ್ಟು ಕಿತ್ತು ಕೂತಿದೆ. ರಿಪೇರಿಯವನು ನಾಳೆ ನಾಳೆ ಅಂತಿದಾನೆ."

ಅವಳು ಒಂದು ಕೈಯಲ್ಲಿ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾ, ಎಷ್ಟು ದಿನದಿಂದ ನಿಂತಿದೆ, ಯಾವ ಬೆಲ್ಟು, ಉದ್ದನೆಯದಾ ಚಿಕ್ಕದಾ ಅಂತ ಒಂದೊಂದೇ ಕೇಳತೊಡಗಿದಳು. ನಾನು ಚಪ್ಪಲಿ ಹಾಕಿಕೊಂಡು ಸದ್ದಿಲ್ಲದೆ ಮೆಟ್ಟಿಲಿಳಿದೆ.