ಹೊರಡದ ಕಾರಿನ ಬುತ್ತಿ

ಶಾಮ್‌ಬರ್ಗ್‌ನ ನಮ್ಮ ಗ್ಯಾರೇಜಿನಲ್ಲಿ ಇವತ್ತು ಬೆಳಿಗ್ಗೆ ಕಾರಿನ ಡಿಕ್ಕಿಗೆ ಹಳೆಯ ಕಂಬಳಿಯೊಂದನ್ನು ತುರುಕುವಾಗ ಶೇಂಗಾ ಚಟ್ನಿಪುಡಿಯ ವಾಸನೆ ಮೂಗಿಗೆ ಬಡಿಯಿತು. ನಾಳೆ ಕೊಲೊರಾಡೊದ ಹಿಮದ ಬೆಟ್ಟಗಳಿಗೆ ನಮ್ಮ ಸವಾರಿ. ತಿಂಡಿಯ ಡಬ್ಬಿಗಳನ್ನು ಬಿಟ್ಟರೆ ಸಾಮಾನೆಲ್ಲ ಆಗಲೇ ಕಾರಿಗೇರಿದೆ. ಕಂಬಳಿ ಕೊಟ್ಟವರು ನಮ್ಮ ಹಿಂದಿನ ಊರು ಕ್ಯಾಂಟನ್‌ನ ವಿರೂಪಾಕ್ಷ ಅಂಕಲ್. ಎಷ್ಟು ಸಲ ಒಗೆದರೂ ಬೆಳ್ಳುಳ್ಳಿ ಬಿಟ್ಟಿಲ್ಲ ನೋಡಿ.

ಕ್ಯಾಂಟನ್‌ನಲ್ಲಿ ನಾವು ಅವರ ಪಕ್ಕದ ಮನೆಯಲ್ಲಿದ್ದಾಗ ಅಂಕಲ್ ಪ್ರತಿ ಡಿಸೆಂಬರಿನಲ್ಲೂ ಇದೇ ಬೆಟ್ಟಗಳಿಗೆ ಹೊರಡುತ್ತಿದ್ದರು. ಹೊರಡುತ್ತಿದ್ದರು ಎಂದೆನೇ ಹೊರತು ಹೋಗುತ್ತಿದ್ದರು ಎನ್ನಲಿಲ್ಲ. ಬಾಗಲಕೋಟೆಯ ಈ ಪುಣ್ಯಾತ್ಮ ಪಕ್ಕದೂರು ಪ್ಲಿಮತ್‌ನಲ್ಲಿ ಕಾರಿನ ಬ್ರೇಕ್ ಎಂಜಿನಿಯರ್. ಓಡುವ ಗಾಡಿಯನ್ನು ನಿಲ್ಲಿಸುವುದೇ ಅವರ ಕಸುಬು. ಪ್ರವಾಸಕ್ಕೆಂದು ಸ್ನೋ ಟೈರು, ಸಲಿಕೆ, ಚಕ್ರದ ಸರಪಳಿ ಎಲ್ಲ ಮನೆಗೆ ಬರುತ್ತಿದ್ದವು. ಜಾರಿದರೆ ಚಕ್ರದಡಿ ಚೆಲ್ಲಲು ಬೆಕ್ಕು ಕಕ್ಕಸು ಮಾಡುವ ಮರಳಿನ ಚೀಲ ಬೇರೆ.

"ಅಂಕಲ್, ನಿಮ್ಮನೇಲಿ ಬೆಕ್ಕೇ ಇಲ್ವಲ್ಲ?" ಎಂದೆ ಒಮ್ಮೆ.

"ಹಿಮಕ್ಕ ಬೆಕ್ಕ್ಯಾಕೋ ತಮ್ಮಾ? ಮರಳು ಸಾಕು."

ಇತ್ತ ಶಾಂತಾ ಆಂಟಿ ವಾರವಿಡೀ ಒಲೆಯ ಮುಂದೆ: ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಚಕ್ಕುಲಿ, ಚಟ್ನಿಪುಡಿ. ಎಲ್ಲ ಕಾರಿಗೇರಿದ ಮೇಲೆ ಅಂಕಲ್ ಫೋನಿನಲ್ಲಿ ಹವಾಮಾನ ನೋಡುವರು. ಬೆಟ್ಟದಲ್ಲಿ ಹಿಮ ಬೀಳುತ್ತಿರುತ್ತಿತ್ತು. ಡಿಸೆಂಬರಿನಲ್ಲಿ ಅಲ್ಲಿ ಹಿಮ ಬೀಳದೆ ಮಾವಿನಹಣ್ಣು ಬೀಳುತ್ತದೆಯೇ? "ಈ ಸಲ ಬ್ಯಾಡ" ಎಂದುಬಿಡುವರು. ಮಗಳು ಮೇಘಾ "ಡ್ಯಾಡ್, ಇಟ್ಸ್ ಜಸ್ಟ್ ಸ್ನೋ!" ಎಂದು ಕಾಲು ಅಪ್ಪಳಿಸಿ ಮಹಡಿ ಹತ್ತುವಳು. ಡಬ್ಬಿಗಳೆಲ್ಲ ಡಿಕ್ಕಿಯಿಂದಿಳಿದು ಹಾಲಿಗೆ ಬರುವವು, ಹಿಂದೆಯೇ ನಮ್ಮ ಬಡಾವಣೆಯ ಕನ್ನಡದವರೆಲ್ಲ ಸಮಾಧಾನ ಹೇಳಲು ಬರುವರು. ನಾನಂತೂ ಎಲ್ಲರಿಗಿಂತ ಮೊದಲು ಹೋಗಿ ಹೋಳಿಗೆ ಮುಗಿಯುವ ತನಕ ಸಮಾಧಾನ ಹೇಳುತ್ತಿದ್ದೆ. ಅಷ್ಟು ರುಚಿಯಾದ ಪ್ರವಾಸ ನಾನು ಇನ್ನೊಂದು ಮಾಡಿಲ್ಲ.

ಆಂಟಿ ಮಾತ್ರ ಸುಮ್ಮನೆ ಬಡಿಸುತ್ತಿದ್ದರು. ಹಿಮದ ಬೆಟ್ಟದ ಮೇಲೆ ಒಮ್ಮೆ ನಿಲ್ಲಬೇಕೆಂಬುದು ಅವರ ಆಸೆ. ಮೊಣಕಾಲುಗಳೋ ವರ್ಷ ವರ್ಷಕ್ಕೆ ಸವೆಯುತ್ತಿದ್ದವು. ಒಂದು ಡಿಸೆಂಬರಿನಲ್ಲಿ ಅವರು ಒಲೆಯನ್ನೇ ಹಚ್ಚಲಿಲ್ಲ. ಬೀಳ್ಕೊಡುವ ನೆಪದಲ್ಲಿ ನಾವು ಖಾಲಿ ಹೊಟ್ಟೆಯಲ್ಲಿ ಹೋದರೆ ಮನೆಯಲ್ಲಿ ಒಗ್ಗರಣೆಯ ವಾಸನೆಯೂ ಇಲ್ಲ. ಅಂಕಲ್ ಕಂಗಾಲಾಗಿದ್ದರು.

"ಬುತ್ತಿ ಎಲ್ಲೈತಿ ಶಾಂತಾ?"

"ಮಾಡಿಲ್ರಿ. ಮಾಡಿದ್ರ ಮನ್ಯಾಗ ಕುಂತು ತಿಂತೀರಿ. ಹಸಿವಾದ್ರ ದಾರ್ಯಾಗ ತಿನ್ನೂಣು. ಈ ವರ್ಷ ಮೊಣಕಾಲು ನನ್ನ ಮಾತು ಕೇಳ್ತಾವ, ಮುಂದಿನ ವರ್ಷದ್ದು ಗೊತ್ತಿಲ್ಲ. ನಡೀರಿ."

ಎಂದವರೇ ಕಾರಿನಲ್ಲಿ ಕೂತು ಬೆಲ್ಟು ಬಿಗಿದರು. ಅಂಕಲ್ ಫೋನು ತೆಗೆದರು, ಆಂಟಿಯ ಮುಖ ನೋಡಿದರು, ಫೋನು ಜೇಬಿಗಿಟ್ಟರು. ನಾವು ಹಸಿದುಕೊಂಡೇ ಕೈಬೀಸಿದೆವು.

ಅಲ್ಲಿಂದ ಅವರು ಕಳಿಸಿದ ಫೋಟೊ ಇನ್ನೂ ನನ್ನ ಬಳಿ ಇದೆ. ಸೀರೆಯ ಕೆಳಗೆ ಬೂಟು, ಸುತ್ತ ಹಿಮ; ಆಂಟಿ ಯಾರ ಆಸರೆಯೂ ಇಲ್ಲದೆ ನಿಂತು ನಗುತ್ತಿದ್ದಾರೆ. ಈಗ ಅವರಿಗೆ ವಾಕರ್ ಹಿಡಿದು ಅಡುಗೆಮನೆ ತಲುಪುವುದೇ ಒಂದು ಯಾತ್ರೆ. ಆ ಫೋಟೊ ನೋಡಿದಾಗಲೆಲ್ಲ ಸದ್ಯ ಹೋಗಿಬಂದರಲ್ಲ ಎಂದು ಕಣ್ಣು ತುಂಬುತ್ತದೆ. ನಾವು ಊರು ಬಿಡುವಾಗ ಅಂಕಲ್ "ಇನ್ನ ನಮಗ ಯಾಕ?" ಎಂದು, ಡಿಕ್ಕಿಯಲ್ಲಿ ಬುತ್ತಿಯ ಡಬ್ಬಿಗಳಿಗೆ ಸುತ್ತುತ್ತಿದ್ದ ಈ ಕಂಬಳಿ ಕೊಟ್ಟರು.

ಡಿಕ್ಕಿ ಮುಚ್ಚಿ ಒಳಗೆ ಬಂದು ಫೋನು ತೆರೆದೆ. ಬೆಟ್ಟದಲ್ಲಿ ಹಿಮ, ಹತ್ತು ಡಿಗ್ರಿ ಫ್ಯಾರನ್‌ಹೀಟ್; ನೀರು ಹೆಪ್ಪುಗಟ್ಟುವುದಕ್ಕಿಂತಲೂ ಎಷ್ಟೋ ಕೆಳಗೆ.

"ಏನಂತೆ ವೆದರ್ರು?" ಎಂದಳು ಹೆಂಡತಿ.

"ಈ ಸಲ ಬೇಡ್ವೇನೋ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಾಲಿನಿಂದ ಕಟುಂ ಎಂದು ಸದ್ದಾಯಿತು. ನನ್ನ ಮಗಳು ಸೋಫಾದಲ್ಲಿ ಕೂತು ಪ್ರವಾಸದ ಚಕ್ಕುಲಿ ಡಬ್ಬಿ ತೆರೆದಿದ್ದಳು.

"ಜಸ್ಟ್ ಒನ್, ಅಪ್ಪಾ."

ಡಬ್ಬಿ ಕಿತ್ತುಕೊಂಡು ಮುಚ್ಚಳ ಒತ್ತಿದೆ. "ಏಳಿ, ಬೂಟು ಹಾಕ್ಕೊಳ್ಳಿ. ಈಗ್ಲೇ ಹೊರಡೋಣ."

"ನಾಳೆ ಅಂದ್ರಲ್ಲ?" ಎಂದಳು ಹೆಂಡತಿ.

"ನಾಳೆಗೆ ಚಕ್ಕುಲಿ ಉಳಿಯಲ್ಲ."